ಅಕ್ಕನ ಡಾಕ್ಟರ್

ಅಕ್ಕ ನಕ್ಕಿದ್ದು ಕೇಳಿ ನನಗೆ ಮೊದಲು ಆದದ್ದು ಗಾಬರಿ. ಒಂದೂವರೆ ವರ್ಷದಿಂದ ಅವಳು ಫೋನಿನಲ್ಲಿ ನಕ್ಕಿರಲಿಲ್ಲ. ನಾನು ನ್ಯೂಯಾರ್ಕಿನ ಹತ್ತಿರದ ಬ್ರಿಡ್ಜ್‌ವಾಟರಿನ ಮನೆಯಿಂದ ಎಡಿಸನ್ನಿನ ಕ್ಲಿನಿಕ್ಕಿಗೆ ಡ್ರೈವ್ ಮಾಡುತ್ತಿದ್ದೆ. 287 ಹೆದ್ದಾರಿಯಲ್ಲಿ ಎಂದಿನಂತೆ ಗಾಡಿಗಳು ತೆವಳುತ್ತಿದ್ದವು. ಅಕ್ಕನಿರುವ ಗದಗಿನಲ್ಲಿ ಆಗ ಸಂಜೆ ಆರು ಗಂಟೆ. ದಿನಾ ಅದೇ ಹೊತ್ತಿಗೆ ಕಾರಿನಿಂದಲೇ ಅವಳಿಗೆ ಫೋನ್ ಮಾಡುವುದು ನನ್ನ ರೂಢಿ. ಕ್ಲಿನಿಕ್ಕಿನ ಪಾರ್ಕಿಂಗ್ ಬಂದರೆ ಮಾತು ಮುಗಿಯಿತು.

"ಇವತ್ತೊಬ್ಬಾಕಿ ಬಂದಿದ್ಲು," ಅಂದಳು ಅಕ್ಕ. "ತನ್ನ ಮದುವಿ ಟೈಮಿನ ಜಂಪರ್ ಅಳತಿಗೆ ತಂದಾಳ. ಇದರಂಗ ಹೊಲಿ ಅಂತಾಳ. ಆಕಿ ಮಗಳ ಮದುವಿ ಈಗ."

ಹೇಳಿ ಇನ್ನೊಮ್ಮೆ ನಕ್ಕಳು. ನಾನೂ ನಕ್ಕೆ. ಆಮೇಲೆ ಕೇಳಿದೆ, "ಆರಾಮ ಅದಿ ಏನು ಅಕ್ಕಾ?"

"ಆರಾಮ ಅದೀನಿ. ಗುಳಿಗಿ ತಗೊಳ್ಳಾಕತ್ತೇನಿ. ಎರಡು ತಿಂಗಳಾತು."

"ಯಾವ ಗುಳಿಗಿ? ಯಾರು ಕೊಟ್ಟಾರ?"

"ಇಲ್ಲೇ ಬೆಟಗೇರಿಯಾಗ ಒಬ್ಬಾಕಿ ಡಾಕ್ಟರ್ ಅದಾರ. ಸಣ್ಣ ವಯಸ್ಸು. ಜ್ವರ, ನೆಗಡಿ ನೋಡ್ತಾರ. ಅವರೇ ಕೊಟ್ರು. ಮನಸಿಗೆ ಸಂಬಂಧಪಟ್ಟ ಗುಳಿಗಿ ಅಂತ."

ಮುಂದಿನ ಗಾಡಿ ನಿಂತಿದ್ದನ್ನು ನಾನು ತಡವಾಗಿ ನೋಡಿ ಬ್ರೇಕ್ ಒತ್ತಿದೆ. ನಾನು ಮನೋವೈದ್ಯೆ. ಹುಬ್ಬಳ್ಳಿಯಲ್ಲಿ ಎಂಬಿಬಿಎಸ್ ಮುಗಿಸಿ, ನ್ಯೂಯಾರ್ಕಿನ ಒಂದು ಆಸ್ಪತ್ರೆಯಲ್ಲಿ ನಾಲ್ಕು ವರ್ಷ ಮನೋವೈದ್ಯಶಾಸ್ತ್ರದ ತರಬೇತಿ ಪಡೆದು, ಇಷ್ಟು ವರ್ಷ ಇದೇ ಕೆಲಸ ಮಾಡಿಕೊಂಡು ಬಂದವಳು. ನನ್ನ ಒಡಹುಟ್ಟಿದವಳಿಗೆ ಖಿನ್ನತೆ ಇದೆ ಎಂದು ಕಂಡುಹಿಡಿದು ಗುಣ ಮಾಡುತ್ತಿರುವವಳು ಬೆಟಗೇರಿಯಲ್ಲಿ ಜ್ವರ ನೆಗಡಿ ನೋಡುವ ಒಬ್ಬ ಹುಡುಗಿ. ಅಕ್ಕ ಹುಷಾರಾಗಿದ್ದಾಳೆ ಎಂಬ ಮಾತು ಆ ಕ್ಷಣ ನನ್ನ ಕಿವಿಗೆ ಬೀಳಲೇ ಇಲ್ಲ. ಹೊಟ್ಟೆಯಲ್ಲಿ ಎದ್ದಿದ್ದಕ್ಕೆ ಬೇರೆ ಯಾವ ಹೆಸರೂ ಕೊಡಲು ಆಗುವುದಿಲ್ಲ. ಅದು ಹೊಟ್ಟೆಕಿಚ್ಚು.

ಅಕ್ಕನಿಗೆ ಕಾಯಿಲೆ ಶುರುವಾದದ್ದು ತಲೆನೋವಿನಿಂದ. ಆಮೇಲೆ ಅಂಗಾಲು ಉರಿ, ಎದೆ ಢವಢವ, ಊಟ ಸೇರದು. ಅವಳದು ಮನೆ ಮುಂದಿನ ಕೋಣೆಯಲ್ಲೇ ಒಂದು ಹೊಲಿಗೆ ಅಂಗಡಿ. ಜಂಪರ್ ಹೊಲಿಯುತ್ತಾಳೆ, ಸೀರೆಗೆ ಪಿಕೊ ಫಾಲ್ ಮಾಡುತ್ತಾಳೆ. ಕತ್ತರಿ ಹಿಡಿದರೆ ಮನೆಗೆ ಬೆಂಕಿ ಬಿದ್ದರೂ ತಲೆ ಎತ್ತದವಳು, ಮೆಲ್ಲಗೆ ಬಟ್ಟೆ ಕತ್ತರಿಸುವುದನ್ನೇ ಬಿಟ್ಟಳು. ಗಿರಾಕಿಗಳು ಕೊಟ್ಟುಹೋದ ಬಟ್ಟೆ ಗಂಟು ಕಟ್ಟಿದ್ದು ಕಟ್ಟಿದ ಹಾಗೇ ಇರುತ್ತಿತ್ತು. ಭಾವ ಸಾರಿಗೆ ಬಸ್ಸಿನಲ್ಲಿ ಕಂಡಕ್ಟರ್. ಡ್ಯೂಟಿ ಮುಗಿಸಿ ಬಂದು ತಾವೇ ಗಿರಾಕಿಗಳಿಗೆ ಬಟ್ಟೆ ವಾಪಸ್ ಕೊಟ್ಟುಬರುತ್ತಿದ್ದರು.

ನಾನು ಇಲ್ಲಿಂದಲೇ ಎಲ್ಲ ಮಾಡಿಸಿದೆ. ಥೈರಾಯ್ಡ್, ಬಿ ಹನ್ನೆರಡು, ಸಕ್ಕರೆ, ಕೊನೆಗೆ ಹುಬ್ಬಳ್ಳಿಗೆ ಹೋಗಿ ತಲೆಯ ಸ್ಕ್ಯಾನ್. ಎಲ್ಲ ಸರಿಯಾಗಿತ್ತು. ನನಗೆ ಮೊದಲೇ ಗೊತ್ತಿತ್ತು ಸರಿ ಇರುತ್ತದೆ ಎಂದು. ಇದೇ ಲಕ್ಷಣ ಹೇಳಿಕೊಂಡು ಬಂದ ಹೊರಗಿನವರಾಗಿದ್ದರೆ ಹತ್ತು ನಿಮಿಷದಲ್ಲಿ ಹೆಸರು ಹೇಳುತ್ತಿದ್ದೆ. ಅಕ್ಕನಿಗೆ ಹೇಳಲು ಆರು ತಿಂಗಳು ತೆಗೆದುಕೊಂಡೆ. ಹೇಳಿದ್ದು ಕೂಡ ಕಾರಿನಲ್ಲಿ, ಎಕ್ಸಿಟ್ ತೆಗೆದುಕೊಳ್ಳುವ ಅವಸರದಲ್ಲಿ.

"ಇದು ಮನಸಿಂದು ಅಕ್ಕಾ. ಧಾರವಾಡದಾಗ ಒಬ್ಬರು ಸೈಕಿಯಾಟ್ರಿಸ್ಟ್ ನನ್ನ ಪರಿಚಯದವರು ಅದಾರ. ತೋರಿಸಿಕೊಂಡು ಬಾ."

"ಧಾರವಾಡದ ಹುಚ್ಚರ ದವಾಖಾನಿಗೆ ಹೋಗು ಅಂತಿ. ನಾ ಹುಚ್ಚಿ ಆಗೇನೇನು?"

"ಹಂಗಲ್ಲ…"

ಫೋನ್ ಕಟ್ ಆಯಿತು. ಆಮೇಲೆ ಒಂದು ವಾರ ಎತ್ತಲಿಲ್ಲ. ಎತ್ತಿದಾಗ ನಾನೂ ಮತ್ತೆ ಆ ಮಾತು ತೆಗೆಯಲಿಲ್ಲ. ನಾಳೆ ಹೇಳೋಣ, ನಾಡಿದ್ದು ಹೇಳೋಣ ಎಂದು ದೂಡುತ್ತಾ ಹೋದೆ.

ಬೆಟಗೇರಿಯ ಡಾಕ್ಟರಿಗೆ ಇದೆಲ್ಲ ಹೇಗೆ ಸಾಧ್ಯವಾಯಿತು ಎಂದು ಬಿಡಿಸಿ ಬಿಡಿಸಿ ಕೇಳಿದೆ. ಅಕ್ಕ ಅಲ್ಲಿಗೆ ಹೋದದ್ದು ಕೆಮ್ಮಿಗೆ. ಕೆಮ್ಮಿಗೆ ಔಷಧಿ ಬರೆದ ಮೇಲೆ ಡಾಕ್ಟರ್ ಪೆನ್ನು ಕೆಳಗಿಟ್ಟು, "ನಿದ್ದಿ ಬರತೈತೇನ್ರಿ?" ಎಂದು ಕೇಳಿದಳಂತೆ. ಇಲ್ಲ ಅಂದಾಗ, "ಮೊದಲು ಮನಸಿಗೆ ಬಂದು ಮಾಡ್ತಿದ್ದು, ಈಗ ಬಿಟ್ಟಿದ್ದು ಯಾವ ಕೆಲಸರಿ?" ಎಂದು ಕೇಳಿದಳಂತೆ. ಅಕ್ಕ, ಬಟ್ಟಿ ಕತ್ತರಿಸೂದು ಅಂದಳು. ಅಂದದ್ದೇ ಅಳು ಬಂದಿದೆ. ಹೊರಗೆ ಹತ್ತು ಮಂದಿ ಕಾಯುತ್ತಾ ಕೂತಿದ್ದರು. ಡಾಕ್ಟರ್ ನೀರು ಕೊಟ್ಟು, ಗುರುವಾರ ಮಧ್ಯಾಹ್ನ ಗದ್ದಲ ಇರುವುದಿಲ್ಲ, ಆಗ ಬರ್ರಿ ಎಂದು ಹೇಳಿ ಕಳಿಸಿದ್ದಾಳೆ.

"ಗುರುವಾರ ಭಾಳ ಹೊತ್ತು ಮಾತಾಡಿದ್ರು. ಶುಗರ್ ಬಂದ್ರ ಗುಳಿಗಿ ತಗೊಳ್ಳೂದಿಲ್ಲೇನು, ಹಂಗ ಇದೂ ಅಂದ್ರು. ದಿನಾ ಒಂದು ಜಂಪರ್ ಕತ್ತರಿಸಿ ಇಡ್ರಿ, ಹೊಲಿಯೂದು ಬ್ಯಾಡ, ಕತ್ತರಿಸೂದು ಅಷ್ಟೇ ಅಂದ್ರು. ಇನ್ನೊಂದೂ ಕೇಳಿದ್ರು. ಅದು ಬಿಡು."

"ಏನು ಕೇಳಿದ್ರು?"

"ಬಿಡು ಅಂದ್ನಲ್ಲ."

ಆ ಇನ್ನೊಂದು ಪ್ರಶ್ನೆ ಯಾವುದು ಎಂದು ನನಗೆ ಗೊತ್ತಿರಬೇಕಿತ್ತು. ದಿನಕ್ಕೆ ಹತ್ತು ಹನ್ನೆರಡು ಸಲ ನಾನು ಕೇಳುವ ಪ್ರಶ್ನೆ ಅದು. ಆದರೆ ನನ್ನ ತಲೆಯೆಲ್ಲ ಜಂಪರಿನ ಮೇಲಿತ್ತು. ದಿನಕ್ಕೊಂದು ಸಣ್ಣ ಕೆಲಸ ಕೊಟ್ಟು ಮನಸ್ಸನ್ನು ಎಬ್ಬಿಸುವ ವಿಧಾನಕ್ಕೆ ನಮ್ಮಲ್ಲಿ ಒಂದು ದೊಡ್ಡ ಹೆಸರಿದೆ. ಕಿರಿಯ ಡಾಕ್ಟರುಗಳಿಗೆ ನಾನು ಅದರ ಮೇಲೆ ಪಾಠ ಮಾಡಿದ್ದೇನೆ. ಅಕ್ಕನ ಕತ್ತರಿಯ ನೆನಪು ನನಗೆ ಒಂದು ದಿನವೂ ಬಂದಿರಲಿಲ್ಲ.

ಆ ಹುಡುಗಿ ಇದನ್ನೆಲ್ಲ ಎಲ್ಲಿ ಕಲಿತಳು ಎಂದೂ ವಿಚಾರಿಸಿದೆ. ಬೆಂಗಳೂರಿನ ದೊಡ್ಡ ಆಸ್ಪತ್ರೆಯೊಂದರ ತಜ್ಞರು ಸಣ್ಣ ಊರುಗಳ ಡಾಕ್ಟರುಗಳಿಗೆ ವಾರಕ್ಕೊಮ್ಮೆ ಕಂಪ್ಯೂಟರಿನಲ್ಲಿ ಪಾಠ ಮಾಡುತ್ತಾರಂತೆ. ಅವಳು ಕ್ಲಿನಿಕ್ಕಿನಲ್ಲೇ ಕೂತು ಒಂದು ವರ್ಷ ಕಲಿತಿದ್ದಾಳೆ. ನನ್ನ ನಾಲ್ಕು ವರ್ಷದ ಎದುರು ವಾರಕ್ಕೊಂದು ಗಂಟೆ. ಆ ಲೆಕ್ಕವನ್ನು ನಾನು ಎಷ್ಟು ಸಲ ಹಾಕಿದೆನೋ.

ಇಲ್ಲಿ ಒಂದು ಮಾತು ಹೇಳಬೇಕು. ನನ್ನ ಹೊಟ್ಟೆಕಿಚ್ಚು ಅವಳೊಬ್ಬಳಿಂದ ಶುರುವಾದದ್ದಲ್ಲ. ಶನಿವಾರ ದೇವಸ್ಥಾನಕ್ಕೆ ಹೋದರೆ ಕ್ಯಾಂಟೀನಿನಲ್ಲಿ ನಮ್ಮವರೇ ಆದ ಒಬ್ಬ ಹೃದ್ರೋಗ ತಜ್ಞರು ಸಿಗುತ್ತಾರೆ. ಅವರು ದೋಸೆ ಮುರಿಯುವ ಮೊದಲೇ ಯಾರಾದರೂ ಬಂದು ಫೋನಿನಲ್ಲಿ ರಿಪೋರ್ಟ್ ತೋರಿಸುತ್ತಾರೆ. ಅಂಕಲ್, ಕೊಲೆಸ್ಟರಾಲ್ ಇಷ್ಟು ಬಂದಿದೆ, ನೋಡಿ ಎನ್ನುತ್ತಾರೆ. ಅವರು ಬೇಜಾರಾದವರಂತೆ ಮಾಡುತ್ತಾರೆ, ಖುಷಿಯಿಂದ ನೋಡುತ್ತಾರೆ. ಪಕ್ಕದಲ್ಲೇ ಕೂತ ನನ್ನ ಹತ್ತಿರ ಯಾರೂ ಏನೂ ಕೇಳುವುದಿಲ್ಲ. ಕೇಳುವವರು ಪಾರ್ಕಿಂಗ್ ಲಾಟಿನಲ್ಲಿ ಕಾರಿನ ಬಾಗಿಲು ಹಿಡಿದುಕೊಂಡು ಕೇಳುತ್ತಾರೆ, ಅದೂ ತಮ್ಮ ಸ್ನೇಹಿತರೊಬ್ಬರಿಗೆ ಎಂದು ಹೇಳಿ. ಹಾಗೆ ಪ್ಲೇನ್ಸ್‌ಬರೋದ ಒಬ್ಬ ಹೆಂಗಸು ಧೈರ್ಯ ಮಾಡಿ ಕೇಳಿದಾಗ ನಾನು ಕ್ಲಿನಿಕ್ಕಿನ ನಂಬರ್ ಕೊಟ್ಟೆ. ಅವಳು ಫೋನ್ ಮಾಡಿದಳು. ಮೂರು ತಿಂಗಳ ನಂತರದ ದಿನ ಕೊಟ್ಟರು. ಆ ದಿನ ಬಂದಾಗ ಅವಳು ಬರಲಿಲ್ಲ. ಮುಂದೆ ದೇವಸ್ಥಾನದಲ್ಲಿ ನನ್ನನ್ನು ಕಂಡರೆ ಬೇರೆ ಕಡೆ ನೋಡುತ್ತಿದ್ದಳು.

ಬೆಟಗೇರಿಯವಳ ಎದುರು ಜನ ತಾವಾಗಿಯೇ ಬಂದು ಸ್ಟೂಲಿನ ಮೇಲೆ ಕೂರುತ್ತಾರೆ. ಕೆಮ್ಮು, ಜ್ವರ, ಮಂಡಿನೋವು ಎಂದು ಬರುತ್ತಾರೆ, ಅವಳು ಉಳಿದದ್ದನ್ನು ಕೇಳುತ್ತಾಳೆ. ಅಕ್ಕಪಕ್ಕದ ಮನೆಯವರು ಏನೆಂದುಕೊಂಡಾರು ಎಂಬ ಭಯವಿಲ್ಲ. ನನ್ನ ಬಾಗಿಲಿಗೆ ಹಾಕಿದ ಬೋರ್ಡೇ ಜನರನ್ನು ದೂರ ಇಡುತ್ತದೆ. ಅವಳ ಬಾಗಿಲಿಗೆ ಆ ಬೋರ್ಡಿಲ್ಲ. ಅದು ಅವಳ ಅದೃಷ್ಟ, ಜಾಣತನ ಅಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಆದರೂ ಸಮಾಧಾನವಾಗಲಿಲ್ಲ.

ದಿನಾ ಫೋನಿನಲ್ಲಿ ಈಗ ಅಕ್ಕನ ಬಾಯಲ್ಲಿ ಅವಳದೇ ಮಾತು. ಮೇಡಮ್ಮಾರು ಹಿಂಗಂದ್ರು, ಮೇಡಮ್ಮಾರು ಹಂಗಂದ್ರು. ವಾಕಿಂಗ್ ಹೋಗು ಎಂದು ನಾನು ವರ್ಷವಿಡೀ ಬಡಿದುಕೊಂಡಿದ್ದೆ. ಮೇಡಮ್ಮಾರು ಹೇಳಿದ ಮರುದಿನವೇ ಹೊರಟಿದ್ದಾಳೆ.

ಒಂದು ಭಾನುವಾರ ಬೆಳಗ್ಗೆ ವಿಡಿಯೋ ಕಾಲ್ ಮಾಡಿ, ಗುಳಿಗೆಯ ಚೀಟಿ ತೋರಿಸು ಅಂದೆ. ತೋರಿಸಿದಳು. ಹೆಸರು ಓದಿದೆ, ಡೋಸ್ ಓದಿದೆ. ನಾನೇ ಬರೆದಿದ್ದರೂ ಮೊದಲು ಅದನ್ನೇ ಬರೆಯುತ್ತಿದ್ದೆ. ಶುರುವಿಗೆ ಅದೇ ಡೋಸ್ ಕೊಡುತ್ತಿದ್ದೆ. ಅಂದು ನಾನು ಅಕ್ಕನಿಗೆ ಹೇಳಿದ್ದು ಬೇರೆ.

"ಇದು ಭಾಳ ಹಳೇ ಗುಳಿಗಿ ಅಕ್ಕಾ. ಇಷ್ಟು ಸಣ್ಣ ಡೋಸಿನಾಗ ಏನೂ ಆಗೂದಿಲ್ಲ. ಆಕಿ ಬರೇ ಎಂಬಿಬಿಎಸ್. ಇದನ್ನ ಬದಲಿ ಮಾಡಬೇಕು. ಧಾರವಾಡಕ್ಕ ಹೋಗಿ ಬಾ."

"ನನಗ ಆರಾಮ ಆಗೇತಲ್ಲ?"

"ಅದು ತಾನ ಆಗಿರತೈತಿ."

ಅಕ್ಕ ಚೀಟಿಯನ್ನು ಮಡಚಿ, ಮಡಚಿದ್ದನ್ನು ಮತ್ತೆ ಮಡಚಿ, ಒಲಿ ಮ್ಯಾಲ ಹಾಲು ಇಟ್ಟೇನಿ ಎಂದು ಹೇಳಿ ಫೋನ್ ಇಟ್ಟಳು.

ನನ್ನ ಮಗಳು ಅಡುಗೆಮನೆಯಲ್ಲಿ ಸೀರಿಯಲ್ ತಿನ್ನುತ್ತಿದ್ದಳು. ಹೈಸ್ಕೂಲಿನ ಕೊನೆಯ ವರ್ಷ. ಅವಳಿಗೆ ನಮ್ಮ ಗದಗಿನ ಮಾತು ಪೂರ್ತಿ ಅರ್ಥವಾಗುವುದಿಲ್ಲ. ತಲೆ ಎತ್ತದೆಯೇ, "ಅಮ್ಮಾ, ಯು ಸೌಂಡೆಡ್ ಮೀನ್," ಅಂದಳು; ನನ್ನ ಮಾತು ಕಟುವಾಗಿ ಕೇಳಿಸಿತಂತೆ.

"ನಾನು ಡಾಕ್ಟರಾಗಿ ಹೇಳಿದೆ," ಅಂದೆ.

"ಓಕೆ," ಅಂದಳು, ಬಟ್ಟಲು ಸಿಂಕಿಗೆ ಹಾಕಿ ಮೇಲೆ ಹೋದಳು.

ಅಕ್ಕ ಧಾರವಾಡಕ್ಕೂ ಹೋಗಲಿಲ್ಲ, ಬೆಟಗೇರಿಗೂ ಹೋಗಲಿಲ್ಲ. ಗುಳಿಗೆ ನಿಲ್ಲಿಸಿಬಿಟ್ಟಳು. ನನಗೆ ಹೇಳಲಿಲ್ಲ. ಮೂರನೆಯ ವಾರದ ಹೊತ್ತಿಗೆ ಫೋನಿನಲ್ಲಿ ಅವಳ ದನಿ ಮತ್ತೆ ಹಳೆಯ ದನಿಯಾಯಿತು. ಹೂಂ, ಉಣ್ಣಬೇಕು, ಹೂಂ, ಮಲಗಬೇಕು. ನಾಲ್ಕನೆಯ ವಾರ ಫೋನ್ ಎತ್ತುವುದೇ ನಿಂತಿತು. ಭಾವನಿಗೆ ಮಾಡಿದರೆ, ಮಲಗ್ಯಾಳ, ಎದ್ದ ಮ್ಯಾಲ ಹೇಳ್ತೀನಿ ಅಂದರು. ಎರಡು ದಿನ ಅದನ್ನೇ ಅಂದರು. ಆ ಎರಡು ದಿನ 287ರಲ್ಲಿ ನಾನು ರೇಡಿಯೋ ಹಾಕಿಕೊಂಡು ಹೋದೆ. ಯಾವ ಹಾಡು ಬಂತು, ಹೋಯಿತು, ಒಂದೂ ತಿಳಿಯಲಿಲ್ಲ.

ಮೂರನೆಯ ದಿನ ಬೆಳಗ್ಗೆ ಹನ್ನೊಂದರ ಹೊತ್ತಿಗೆ, ಇಬ್ಬರು ಪೇಷಂಟುಗಳ ನಡುವೆ, ಗೊತ್ತಿಲ್ಲದ ನಂಬರಿನಿಂದ ವಾಟ್ಸಾಪ್ ಕಾಲ್ ಬಂತು. ಎತ್ತಿದೆ.

"ಮೇಡಮ್, ನಮಸ್ಕಾರ್ರಿ. ನಾನು ಬೆಟಗೇರಿಯಿಂದ ಮಾತಾಡೂದು. ನಿಮ್ಮ ಅಕ್ಕನ ಡಾಕ್ಟರ್."

ದನಿ ನಾನು ಅಂದುಕೊಂಡದ್ದಕ್ಕಿಂತ ಎಳೆಯದಾಗಿತ್ತು. ಹಿಂದೆ ಯಾರೋ ಷಟರ್ ಎಳೆಯುವ ಸದ್ದು. ಕ್ಲಿನಿಕ್ ಮುಚ್ಚುವ ಹೊತ್ತಿರಬೇಕು.

"ಅಕ್ಕಾವರು ಹದಿನೈದು ದಿನಕ್ಕೊಮ್ಮೆ ಗುರುವಾರ ಬರ್ತಿದ್ರು, ಎರಡು ಸಲ ಬರಲಿಲ್ಲರಿ. ಇವತ್ತು ಮಧ್ಯಾಹ್ನ ನಾನೇ ಮನೀಗೆ ಹೋಗಿದ್ದೆ. ಗುಳಿಗಿ ಬಿಟ್ಟು ಭಾಳ ದಿವಸ ಆಗೇತಿ. ಬದಲಿ ಮಾಡಬೇಕಂತ ನೀವು ಹೇಳೀರಿ ಅಂದ್ರು. ಬದಲಿ ಮಾಡೂದಿದ್ರ ಹೇಳ್ರಿ ಮೇಡಮ್, ಮಾಡ್ತೀನಿ. ಯಾಕ ಅಂತನೂ ಹೇಳ್ರಿ. ನನಗೂ ಕಲಿಯೂದು ಐತಿ."

ಅದರಲ್ಲಿ ಕೊಂಕು ಇದೆಯೇ ಎಂದು ಹುಡುಕಿದೆ. ಇರಲಿಲ್ಲ. ಅವಳು ನಿಜವಾಗಿಯೂ ಕಾರಣ ಕೇಳುತ್ತಿದ್ದಳು, ಪೆನ್ನು ಹಿಡಿದು ಕೂತಿದ್ದಳೋ ಏನೋ. ಹೇಳಲು ನನ್ನ ಹತ್ತಿರ ಕಾರಣ ಇರಲಿಲ್ಲ.

"ಬದಲಿ ಬ್ಯಾಡ," ಅಂದೆ. "ಅದೇ ಸರಿ ಐತಿ."

"ಡೋಸ್?"

"ಡೋಸೂ ಸರಿ ಇತ್ತು."

ಅವಳು ಮೆಲ್ಲಗೆ ಮುಂದುವರಿಸಿದಳು, "ಇನ್ನೊಂದು ಮಾತು ಹೇಳಬೇಕಾಗಿತ್ತು ಮೇಡಮ್. ಅಕ್ಕಾವರನ್ನ ಕೇಳೇ ಹೇಳಾಕತ್ತೇನಿ, ಅವರು ಹೇಳು ಅಂದಾರ. ಮೊದಲನೇ ಗುರುವಾರನ ನಾನು ಅವರನ್ನ ಕೇಳಿದ್ದೆ, ಜೀವ ಬ್ಯಾಡ ಅನ್ನಿಸತೈತೇನು ಅಂತ. ಹೌದು ಅಂದಿದ್ರು. ರೇಲ್ವೆ ಸ್ಟೇಷನ್ ಹತ್ರ ಹೋಗಿ ನಿಂತು ವಾಪಸ್ ಬರ್ತಿದ್ರಂತ. ನಡುವ ಅದು ಹೋಗಿತ್ತು. ಈಗ ಮತ್ತ ಬಂದೈತಿ. ಅದಕ್ಕ ನಾನು ಇವತ್ತ ಹೋದೆ. ನಿಮ್ಮ ಭಾವನವರು ಒಂದು ವಾರ ರಜಾ ಹಾಕ್ಯಾರ. ಅಕ್ಕಾವರ ನಾದಿನಿ ಬಂದು ಉಳೀತಾರ. ಗುಳಿಗಿ ಇವತ್ತಿಂದ ಮತ್ತ ಶುರು ಮಾಡೇನಿ. ದಿನಾ ಬೆಳಿಗ್ಗೆ ನಾನು ಫೋನ್ ಮಾಡ್ತೀನಿ. ಕಷ್ಟ ಅನ್ನಿಸಿದ್ರ ಧಾರವಾಡಕ್ಕ ನಾನೇ ಕರ್ಕೊಂಡು ಹೋಗ್ತೀನಿ ಅಂದೇನಿ, ಹೂಂ ಅಂದಾರ."

ನನ್ನ ಮುಂದಿನ ಪೇಷಂಟ್ ಹೊರಗೆ ಕಾಯುತ್ತಿದ್ದರು. ಮೇಜಿನ ಮೇಲೆ ಅವರು ತುಂಬಿದ ಫಾರ್ಮ್ ಇತ್ತು. ಅದರ ಕೊನೆಯ ಪ್ರಶ್ನೆ ಇದೇ. ಪ್ರತಿಯೊಬ್ಬರೂ ತುಂಬಿಕೊಡಬೇಕು, ತುಂಬದಿದ್ದರೆ ನಾನು ಒಳಗೆ ಕೂಡಿಸಿಕೊಂಡು ಬಾಯಿಬಿಟ್ಟು ಕೇಳುತ್ತೇನೆ. ಒಂದೂವರೆ ವರ್ಷದಲ್ಲಿ ಅಕ್ಕನನ್ನು ಒಮ್ಮೆಯೂ ಕೇಳಿರಲಿಲ್ಲ. ಉತ್ತರ ಏನು ಬಂದೀತು ಎಂಬ ಹೆದರಿಕೆ ಇತ್ತು.

"ಥ್ಯಾಂಕ್ಸ್," ಅಂದೆ. ಆಮೇಲೆ, "ತಪ್ಪು ನಂದು. ಗುಳಿಗಿ ಸರಿ ಇದ್ದದ್ದು ನನಗ ಗೊತ್ತಿತ್ತು," ಅಂದೆ.

"ಇರಲಿ ಮೇಡಮ್," ಅಂದಳು. ಯಾಕೆ ಹಾಗೆ ಮಾಡಿದಿರಿ ಎಂದು ಅವಳು ಕೇಳಲಿಲ್ಲ. ಕೇಳಿದ್ದರೆ ಹೇಳಿಬಿಡುತ್ತಿದ್ದೆ ಎಂದು ಈಗ ಅನ್ನಿಸುತ್ತದೆ.

ಅಂದು ಮಧ್ಯಾಹ್ನದ ಪೇಷಂಟುಗಳನ್ನು ಮುಂದೂಡಿ ಮನೆಗೆ ಬಂದೆ. ಎರಡು ದಿನ ಬಿಟ್ಟು ಅಕ್ಕ ಫೋನ್ ಎತ್ತಿದಳು. ಆ ಸಲ ನಾನು ಕಾರಿನಲ್ಲಿರಲಿಲ್ಲ. ಕ್ಷಮೆ ಕೇಳಿದೆ. ಅವಳು ಅದನ್ನು ಕೇಳಿಸಿಕೊಳ್ಳದವಳಂತೆ ಮಗಳ ಕಾಲೇಜಿನ ವಿಷಯ ಕೇಳಿದಳು. ಉತ್ತರ ಹೇಳಿ ಕೊನೆಗೆ ನಾನು ಕೇಳಿಯೇಬಿಟ್ಟೆ.

"ನನಗ್ಯಾಕ ಹೇಳಲಿಲ್ಲ ಅಕ್ಕಾ? ಆಕಿಗೆ ಒಂದ ದಿವಸದಾಗ ಹೇಳಿದಿ."

"ನಿನಗ ಹೇಳಿದ್ರ ನೀ ವಿಮಾನ ಹತ್ತಿ ಬರ್ತಿದ್ದಿ," ಅಂದಳು. "ಇಲ್ಲಾ, ಬರ್ತಿರಲಿಲ್ಲ. ಎರಡೂ ನನಗ ತಡಕೊಳ್ಳಾಕ ಆಗ್ತಿರಲಿಲ್ಲ. ಅವರು ಯಾರೋ. ಹೇಳಿದೆ, ಎದ್ದು ಬಂದೆ."

ಅಕ್ಕ ಮತ್ತೆ ಸುಧಾರಿಸಿಕೊಳ್ಳಲು ಮೊದಲಿಗಿಂತ ಹೆಚ್ಚು ಸಮಯ ಹಿಡಿಯಿತು. ಮೊದಲ ಸಲ ಎರಡು ತಿಂಗಳಲ್ಲಿ ನಕ್ಕವಳು ಈ ಸಲ ನಾಲ್ಕು ತಿಂಗಳು ತೆಗೆದುಕೊಂಡಳು. ಆ ಹೆಚ್ಚಿನ ಎರಡು ತಿಂಗಳು ನನ್ನ ಲೆಕ್ಕದವು. ಡಿಸೆಂಬರಿನಲ್ಲಿ ನಾನು ಹೋಗಿ ಬಂದೆ. ಕ್ಲಿನಿಕ್ಕಿಗೂ ಹೋಗಿ ಹೊರಗಿನ ಬೆಂಚಿನ ಮೇಲೆ ಅಕ್ಕನ ಜೊತೆ ಕೂತೆ. ಪಕ್ಕದಲ್ಲಿದ್ದ ಒಬ್ಬ ಮುದುಕಿ, ನೀನೂ ತೋರಿಸಾಕ ಬಂದಿ ಏನವ್ವಾ, ಭಾಳ ಚಲೋ ಡಾಕ್ಟರ್ ಅದಾರ ಅಂದಳು. ಹೌದು ಅಂದೆ. ನಾನೂ ಡಾಕ್ಟರ್ ಎಂದು ಅಕ್ಕ ಹೇಳಬಹುದೇನೋ ಎಂದು ಕಾದೆ. ಅವಳು ಹೇಳಲಿಲ್ಲ. ತನ್ನ ನಂಬರ್ ಬಂದೀತೆಂದು ಬಾಗಿಲನ್ನೇ ನೋಡುತ್ತಿದ್ದಳು.

ವಾಪಸ್ ಬಂದ ಮೇಲೆ ಆ ಡಾಕ್ಟರ್ ಮತ್ತು ನಾನು ಹದಿನೈದು ದಿನಕ್ಕೊಮ್ಮೆ ಮಾತಾಡಲು ಶುರು ಮಾಡಿದೆವು. ತನಗೆ ಕಷ್ಟವಾದ ಪೇಷಂಟುಗಳ ಬಗ್ಗೆ ಅವಳು ಹೆಸರು ಹೇಳದೆ ಕೇಳುತ್ತಾಳೆ. ಒಪ್ಪಿಕೊಂಡಾಗ ನನ್ನ ಮನಸ್ಸು ಪೂರ್ತಿ ಒಳ್ಳೆಯದಿತ್ತು ಎಂದು ಹೇಳಲಾರೆ. ಅವಳಿಗೆ ಗೊತ್ತಿಲ್ಲದ್ದು ನನಗೆ ಗೊತ್ತಿದೆ ಎಂದು ಆಗಾಗ ತೋರಿಸಿಕೊಳ್ಳುವ ಆಸೆ ಇತ್ತು. ಎಷ್ಟೋ ಸಲ ಆಗುವುದು ಬೇರೆ. ಹೊಲದ ಕೆಲಸ ಬಿಟ್ಟು ಕೂತ ಒಬ್ಬನ ವಿಷಯ ಹೇಳಿ, ಅವನ ಹೆಂಡತಿ ಹೀಗಂದಳು, ತಾಯಿ ಹೀಗಂದಳು ಎಂದು ವಿವರಿಸುತ್ತಾಳೆ. ನನ್ನ ಪೇಷಂಟಿನ ತಾಯಿಯನ್ನು ನಾನು ಯಾವತ್ತೂ ನೋಡಿರುವುದಿಲ್ಲ.

ಎಡಿಸನ್ನಿನಲ್ಲಿ ನಮ್ಮ ಅರ್ಧ ಜನಕ್ಕೆ ಫ್ಯಾಮಿಲಿ ಡಾಕ್ಟರ್ ಆಗಿರುವ ಒಬ್ಬ ಹಿರಿಯರಿದ್ದಾರೆ. ಅವರ ಹತ್ತಿರ ಹೋಗಿ, ನಿಮ್ಮಲ್ಲಿಗೆ ಬರುವವರನ್ನು ನಿದ್ದೆಯ ಬಗ್ಗೆ ಕೇಳಿ, ಅನುಮಾನ ಬಂದರೆ ನನಗೆ ನೇರ ಫೋನ್ ಮಾಡಿ, ನಾವಿಬ್ಬರೂ ಸೇರಿ ನೋಡೋಣ ಅಂದೆ. ಟೈಮ್ ಎಲ್ಲಿದೆಯಮ್ಮಾ ಅಂದರು. ಆದರೂ ತಿಂಗಳಿಗೆ ಎರಡು ಮೂರು ಫೋನ್ ಬರುತ್ತವೆ. ಪ್ಲೇನ್ಸ್‌ಬರೋದ ಆ ಹೆಂಗಸು ಈಗ ಅವರ ಹತ್ತಿರವೇ ಗುಳಿಗೆ ತೆಗೆದುಕೊಳ್ಳುತ್ತಿದ್ದಾಳೆಂದು ಅವಳೇ ನನಗೆ ಹೇಳಿದಳು. ಅವರು ಎಷ್ಟು ತಾಳ್ಮೆಯ ಮನುಷ್ಯ ಆಂಟಿ ಎಂದು ಹೊಗಳಿದಳು. ಆಗಲೂ ಅದೇ ಕಿಚ್ಚು ಒಮ್ಮೆ ಎದ್ದಿತು.

ಹೋದ ವಾರ ಬೆಟಗೇರಿಯ ಡಾಕ್ಟರ್ ಫೋನ್ ಮಾಡಿ, ತನಗೆ ಏಳು ತಿಂಗಳು, ಮುಂದಿನ ತಿಂಗಳಿಂದ ಹೆರಿಗೆಗೆ ತವರಿಗೆ ಹೋಗುತ್ತೇನೆ ಎಂದು ಹೇಳಿದಳು. ಕ್ಲಿನಿಕ್ಕಿಗೆ ಬೇರೆ ಒಬ್ಬರು ಬರುತ್ತಾರೆ, ಗುರುವಾರದ ಪೇಷಂಟುಗಳ ಬಗ್ಗೆ ಅವರಿಗೆ ಸ್ವಲ್ಪ ಹೇಳಿಕೊಡುತ್ತೀರಾ ಎಂದು ಕೇಳಿದಳು. ಹೇಳಿಕೊಡುತ್ತೇನೆ ಅಂದೆ. ಆದರೆ ಅವಳ ಮಾತು ಕೇಳಿದ ಕೂಡಲೇ ನನ್ನ ತಲೆಯಲ್ಲಿ ಬಂದದ್ದು, ಇನ್ನು ಆರು ತಿಂಗಳು ಅಕ್ಕ ನನ್ನವಳು ಎಂದು. ಅಂದೇ ಅಕ್ಕನಿಗೆ ಹೇಳಿದೆ, "ಅವರು ಬರೂತನಕ ದಿನಾ ನಾನೇ ನೋಡ್ಕೋತೀನಿ, ಚಿಂತಿ ಮಾಡಬ್ಯಾಡ."

"ನೀ ಯಾಕ ತ್ರಾಸ ತಗೋತಿ?" ಅಂದಳು ಅಕ್ಕ. "ತವರಿಗೆ ಹೋದ್ರೂ ಗುರುವಾರ ಫೋನ್ ಮಾಡ್ತೀನಿ ಅಂದಾರ. ನಾ ಬ್ಯಾಡ ಅಂದೆ, ಕೂಸು ಹುಟ್ಟಿದ ಮ್ಯಾಲ ನಿದ್ದಿ ಇರೂದಿಲ್ಲ ನಿಮಗ ಅಂತ. ಕೇಳವಲ್ರು."

"ಹಂಗಾರ ಚಲೋ ಆತು," ಅಂದೆ.

ಹೊಸದಾಗಿ ಬರುವ ಡಾಕ್ಟರಿಗೆ ಹೇಳಬೇಕಾದ್ದನ್ನು ಒಂದು ಹಾಳೆಯಲ್ಲಿ ಬರೆಯಲು ಕೂತೆ. ಮೊದಲ ಪ್ರಶ್ನೆ ನಿದ್ದೆಯದು ಎಂದು ಬರೆದೆ. ಎರಡನೆಯದು ಬಿಟ್ಟ ಕೆಲಸದ್ದು. ಮೂರನೆಯದನ್ನು, ಸಾಯಬೇಕೆನ್ನಿಸುತ್ತದೆಯೇ ಎಂಬುದನ್ನು, ಹೇಗೆ ಕೇಳಬೇಕು ಎಂದು ಬರೆಯುವಾಗ ಪೆನ್ನು ನಿಂತಿತು. ಬೆಟಗೇರಿಗೆ ಮೆಸೇಜ್ ಹಾಕಿ, ನೀವು ಅದನ್ನು ಯಾವ ಮಾತಿನಲ್ಲಿ ಕೇಳುತ್ತೀರಿ, ಇದ್ದ ಹಾಗೇ ಬರೆದು ಕಳಿಸಿ ಎಂದು ಕೇಳಿದೆ.